ಅಜ್ಜ ಕಟ್ಟಿದ ಬಿಳಿ ಪಟ್ಟಿ

ನಮ್ಮಜ್ಜ ಮಿಲಿಟರಿಯಲ್ಲಿದ್ದ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಯಾವ ಯುದ್ಧ ಮಾಡ್ಯಾರ?’ ಅದರ ಹಿಂದೆಯೇ ಇನ್ನೊಂದು: ‘ಎಷ್ಟು ಮಂದೀನ ಹೊಡದಾರ?’ ಊರಿನ ಹುಡುಗರು ಅಜ್ಜನ ಬಾಯಿಂದಲೇ ಇದಕ್ಕೆ ಉತ್ತರ ಹೊರಡಿಸಬೇಕು ಅಂತ ಬಹಳ ಒದ್ದಾಡಿದ್ದಾರೆ. ಅಜ್ಜನದು ಯಾವತ್ತೂ ಒಂದೇ ಉತ್ತರ. ‘ನಾ ಯಾರನ್ನೂ ಹೊಡದಿಲ್ಲಪಾ. ನಾ ದಾರಿ ಮಾಡಾಂವ.’

ಬಂದೂಕಿನ ಕಥೆ ಕೇಳೋಕೆ ಬಂದವರಿಗೆ ದಾರಿಯ ಕಥೆ ಯಾಕೆ ಬೇಕು? ಹುಡುಗರು ಎದ್ದು ಹೋಗುತ್ತಿದ್ದರು. ಆದರೆ ಅಜ್ಜನ ಬದುಕನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ ನಾನೂ ಅದನ್ನೇ ಹೇಳುತ್ತೇನೆ. ಅಂವ ದಾರಿ ಮಾಡೋನು. ಬೇರೆಯವರು ಕಾಲಿಡುವ ಮೊದಲು ತಾನು ಹೋಗಿ ನೆಲ ಮುಟ್ಟಿ ನೋಡೋನು.

ನಮ್ಮದು ಕುಕನೂರು ಹತ್ತಿರದ ಎರಿ ಹೊಲದ ಊರು. ಕುಕನೂರು ಈಗ ಬೇರೆ ತಾಲ್ಲೂಕು, ಅಜ್ಜನ ಕಾಲಕ್ಕೆ ಅದು ಯಲಬುರ್ಗಾ ತಾಲ್ಲೂಕಿನಲ್ಲೇ ಇತ್ತು. ಕೊಪ್ಪಳ ಜಿಲ್ಲೆ ಅನ್ನೋದೇ ಆಗಿದ್ದು 1997ರಲ್ಲಿ, ಅಲ್ಲಿವರೆಗೂ ನಾವೆಲ್ಲ ರಾಯಚೂರು ಜಿಲ್ಲೆಯವರು. ಅದಕ್ಕೂ ಹಿಂದೆ ನಿಜಾಮನ ಹೈದರಾಬಾದ್ ಸಂಸ್ಥಾನದವರು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಭಾಗಕ್ಕೆ ಬಂದಿದ್ದು ಮುಂದಿನ ವರ್ಷ ಸೆಪ್ಟೆಂಬರ್ 17ಕ್ಕೆ. ಆ ನಡುವಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಊರಿನ ಜನ ಗಡಿ ದಾಟಿ ಗಜೇಂದ್ರಗಡ, ಮುಂಡರಗಿ ಕಡೆ ಹೋದರು. ಅದು ಮುಂಬೈ ಪ್ರಾಂತ್ಯ, ಅಲ್ಲಿ ನಿಜಾಮನ ಆಳ್ವಿಕೆ ಇರಲಿಲ್ಲ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿ ಹೋರಾಟ ನಡೆಸಿದ್ದು ನಮ್ಮ ಕಡೆ ಇನ್ನೂ ಮಾತಾಡೋ ವಿಷಯ.

ನಮ್ಮ ಮುತ್ತಜ್ಜಿಯೂ ಹಾಗೆ ಗಜೇಂದ್ರಗಡದ ಹಾದಿ ಹಿಡಿದವಳು. ಸೊಂಟದ ಮೇಲೆ ಕೆಲವೇ ತಿಂಗಳ ಕೂಸು. ಆ ಕೂಸೇ ನಮ್ಮಜ್ಜ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, ಐದು ದಿನದಲ್ಲಿ ಎಲ್ಲ ಮುಗಿಯಿತು. ಮುತ್ತಜ್ಜಿ ಮನೆಗೆ ವಾಪಸ್ ಬಂದಳು. ಅವತ್ತಿಂದ ಅವಳ ಲೆಕ್ಕದಲ್ಲಿ ಮಿಲಿಟರಿ ಅಂದರೆ ‘ನಮ್ಮನ್ನ ಮನಿಗೆ ಮುಟ್ಟಿಸಿದವರು’. ಹದಿನೆಂಟು ವರ್ಷ ಆದ ಮೇಲೆ ಅದೇ ಕೂಸು ಮಿಲಿಟರಿಗೆ ಹೋಗ್ತೀನಿ ಅಂದಾಗ ಊರಿನ ಹೆಣ್ಣುಮಕ್ಕಳೆಲ್ಲ ಅತ್ತರಂತೆ. ಅವಳು ಮಾತ್ರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ‘ಹೋಗಿ ಬಾ, ಅವರ ಋಣ ಐತಿ’ ಅಂದಳಂತೆ.

ಭಾನಾಪುರ ಸ್ಟೇಷನ್ನಿನಲ್ಲಿ ಸಣ್ಣ ರೈಲು ಹತ್ತಿ ಅಜ್ಜ ಹೊರಟಿದ್ದು 1966ರಲ್ಲಿ. ಸೇರಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಹಲಸೂರು ಕೆರೆಯ ಪಕ್ಕದಲ್ಲೇ ಇರುವ ಅದರ ಕಾಂಪೌಂಡ್ ಗೋಡೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ, ಒಳಗೆ ಏನು ನಡೆಯುತ್ತೆ ಅಂತ ಯೋಚನೆ ಮಾಡಿರಲಿಕ್ಕಿಲ್ಲ. 1780ರಲ್ಲಿ ಶುರುವಾದ ಪಡೆ ಅದು. ಅಲ್ಲಿನ ಸೈನಿಕರಿಗೆ ಸ್ಯಾಪರ್ ಅಂತ ಹೆಸರು, ಅವರು ಒಬ್ಬರಿಗೊಬ್ಬರು ಕರೆಯೋದು ‘ತಂಬಿ’ ಅಂತ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ಶತ್ರು ಹೂತಿಟ್ಟ ಮೈನ್ ತೆಗೆಯೋದು ಅವರ ಕೆಲಸ. ಮುಳ್ಳುತಂತಿ, ಮೈನ್‌ಗಳ ನಡುವೆ ದಾರಿ ಸಿಡಿಸಿ ತೆಗೆಯುವ ‘ಬೆಂಗಳೂರು ಟಾರ್ಪಿಡೊ’ ಅನ್ನೋ ಉದ್ದನೆಯ ಕೊಳವೆಯನ್ನು 1912ರಲ್ಲಿ ಕಂಡುಹಿಡಿದದ್ದು ಇದೇ ಪಡೆಯ ಮೆಕ್ಲಿಂಟಾಕ್ ಅನ್ನೋ ಕ್ಯಾಪ್ಟನ್. ಜಗತ್ತಿನ ಎಷ್ಟೋ ಸೈನ್ಯಗಳು ಇವತ್ತಿಗೂ ಅದನ್ನು ಅದೇ ಹೆಸರಿನಿಂದ ಕರೆಯುತ್ತವೆ. ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅಂತ ನಾವು ಅಂದುಕೊಳ್ಳೋ ಎಷ್ಟೋ ವರ್ಷ ಮೊದಲಿನ ಮಾತು.

ಮೈನ್ ಹುಡುಕೋದು ಹೇಗೆ ಅಂತ ಅಜ್ಜ ನನಗೆ ಒಂದು ಸಲ ಹೊಲದಲ್ಲಿ ತೋರಿಸಿದ್ದ. ಮಂಡಿಯೂರಿ, ಕೈಯಲ್ಲೊಂದು ಸರಳು ಹಿಡಿದು, ನೆಲಕ್ಕೆ ಓರೆಯಾಗಿ ಮೆಲ್ಲಗೆ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಭಾರ ಮೈನಿನ ತಲೆ ಮೇಲೆ ಬೀಳುತ್ತೆ, ಓರೆಯಾದರೆ ಸರಳು ಅದರ ಪಕ್ಕೆ ಮುಟ್ಟುತ್ತೆ. ಒಂದು ಗೇಣು ನೋಡಿ, ಮುಂದೆ ಒಂದು ಗೇಣು. ನೋಡಿ ಮುಗಿದ ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುತ್ತಾ ಹೋಗಬೇಕು. ಆ ಎರಡು ಪಟ್ಟಿಗಳ ನಡುವೆ ನಡೆದರೆ ಜೀವ ಉಳಿಯುತ್ತೆ. ‘ಪಟ್ಟಿ ನಂಬಿ ಬರತಾರ ನೋಡವ್ವಾ, ಅವರಿಗೆ ನಾವು ಯಾರಂತ ಗೊತ್ತಿರಂಗಿಲ್ಲ. ಪಟ್ಟಿ ಅಷ್ಟ ಗೊತ್ತು’ ಅಂದಿದ್ದ.

1971ರ ಡಿಸೆಂಬರ್ 15ರ ರಾತ್ರಿ ಅಜ್ಜ ಇದ್ದಿದ್ದು ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿ, ಬಸಂತರ್ ನದಿಯ ದಡದಲ್ಲಿ. ಮದ್ರಾಸ್ ಸ್ಯಾಪರ್‌ಗಳ 9ನೇ ಎಂಜಿನಿಯರ್ ರೆಜಿಮೆಂಟ್. ನಮ್ಮ ಕಾಲಾಳುಗಳು ನದಿ ದಾಟಿ ಆಚೆ ನೆಲೆ ನಿಂತಿದ್ದರು. ಅವರ ಬೆಂಬಲಕ್ಕೆ ಟ್ಯಾಂಕ್ ಹೋಗಬೇಕು, ನಡುವೆ ಸಾವಿರ ಮೀಟರಿಗೂ ಹೆಚ್ಚು ಆಳದ ಮೈನ್ ಹಾಸು. ಮೇಲಿಂದ ಗುಂಡು, ಶೆಲ್ ಬೀಳುತ್ತಿರುವಾಗಲೇ ಸ್ಯಾಪರ್‌ಗಳು ದಾರಿ ಬಿಡಿಸುತ್ತಿದ್ದರು. ಕೆಲಸ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಆಚೆಯಿಂದ ಶತ್ರುವಿನ ಟ್ಯಾಂಕ್‌ಗಳು ಚಲಿಸುತ್ತಿವೆ ಅನ್ನೋ ಸುದ್ದಿ ಬಂತು. ಪೂನಾ ಹಾರ್ಸ್‌ನ ಟ್ಯಾಂಕ್‌ಗಳು ದಾರಿ ಪೂರ್ತಿ ಆಗುವವರೆಗೆ ಕಾಯಲಿಲ್ಲ, ಅರ್ಧ ಬಿಡಿಸಿದ ಮೈನ್ ಹಾಸಿನಲ್ಲೇ ನುಗ್ಗಿದವು. ಮರುದಿನದ ಕಾಳಗದಲ್ಲಿ ಎದುರಾಳಿಯ ಟ್ಯಾಂಕ್‌ಗಳನ್ನು ತಡೆದು ನಿಲ್ಲಿಸಿ ಪ್ರಾಣ ಕೊಟ್ಟ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್‌ಗೆ 21 ವರ್ಷ. ಅವರಿಗೆ ಪರಮವೀರ ಚಕ್ರ ಬಂತು. ದಾರಿ ಬಿಡಿಸುವ ಕೆಲಸದ ಮುಂದಾಳತ್ವ ವಹಿಸಿ ಅಲ್ಲೇ ತೀರಿಕೊಂಡ, ಅಜ್ಜನದೇ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಅವರಿಗೆ ಮಹಾವೀರ ಚಕ್ರ ಬಂತು.

ಇಷ್ಟೂ ನಾನು ಓದಿ ತಿಳಿದಿದ್ದು. ಅಜ್ಜ ಹೇಳಿದ್ದು ನಾಲ್ಕೇ ಮಾತು. ನಾನು ಪಿಯುಸಿಯಲ್ಲಿದ್ದಾಗ ಒಂದು ರಾತ್ರಿ ಕರೆಂಟ್ ಹೋಗಿತ್ತು, ಇಬ್ಬರೂ ಮಾಳಿಗೆ ಮೇಲೆ ಕುಳಿತಿದ್ದೆವು. ತಾನಾಗಿಯೇ ಹೇಳಿದ:

‘ದಾರಿ ಅರ್ಧ ಆಗಿತ್ತವ್ವಾ. ಅವು ಬಂದುಬಿಟ್ಟವು. ಒಂದೊಂದು ಟ್ಯಾಂಕ್ ದಾಟಿ ಹೋಗೂಮುಂದ ಎಲ್ಲಿ ಸಿಡೀತೈತೋ ಅಂತ ಉಸಿರು ಹಿಡದು ನೋಡಕೋತ ಬಿದ್ದಿದ್ವಿ. ಆ ಹುಡುಗ ನನಕಿಂತ ಎರಡು ವರ್ಷ ಸಣ್ಣಾಂವ.’

ಆಮೇಲೆ ಸುಮ್ಮನಾದ. ಟ್ರಂಕಿನಲ್ಲಿದ್ದ ಸಂಗ್ರಾಮ ಪದಕ, ಪಶ್ಚಿಮಿ ಸ್ಟಾರ್ ಎರಡನ್ನೂ ಅಂವ ಯಾಕೆ ಎಂದೂ ಹೊರಗೆ ತೆಗೆಯುತ್ತಿರಲಿಲ್ಲ ಅನ್ನೋದು ಅವತ್ತು ಸ್ವಲ್ಪ ಅರ್ಥ ಆಯಿತು. ಆ ರಾತ್ರಿ ಸೈನ್ಯ ಗೆದ್ದಿತ್ತು. ಅಜ್ಜನ ಲೆಕ್ಕದಲ್ಲಿ ಮಾತ್ರ ಒಂದು ಕೆಲಸ ಅರ್ಧಕ್ಕೇ ಉಳಿದಿತ್ತು.

ನಮ್ಮ ಅಮ್ಮನ ಪಾಲಿಗೆ ಆ ವರ್ಷಗಳು ಬೇರೆಯೇ. (ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ.) ಮದುವೆ ಆಗಿದ್ದು 1969ರಲ್ಲಿ. ವರ್ಷಕ್ಕೆ ಎರಡು ತಿಂಗಳು ರಜೆ, ಉಳಿದ ಹತ್ತು ತಿಂಗಳು ಇನ್‌ಲ್ಯಾಂಡ್ ಪತ್ರ. ಅಮ್ಮನಿಗೆ ಓದು ಬರುತ್ತಿರಲಿಲ್ಲ, ಊರಿನ ಮಾಸ್ತರು ಓದಿ ಹೇಳಬೇಕು. ಮಾಸ್ತರು ಓದುತ್ತಾರೆ ಅಂತ ಅಜ್ಜನಿಗೂ ಗೊತ್ತು. ಹೀಗಾಗಿ ಪತ್ರದ ತುಂಬ ಎತ್ತು ಹೆಂಗದಾವ, ಮಳಿ ಆತೇನು, ಕಡ್ಲಿ ಬಿತ್ತಿದ್ರೇನು ಇವೇ. ‘ಹನ್ನೆರಡು ವರ್ಷ ನನ್ನ ಗಂಡ ನನಗಿಂತ ಎತ್ತಿನ ಮ್ಯಾಲೆ ಜಾಸ್ತಿ ಕಾಳಜಿ ಮಾಡ್ಯಾನ’ ಅಂತ ಅಮ್ಮ ಈಗಲೂ ನಗುತ್ತಾಳೆ. 1971ರ ಡಿಸೆಂಬರ್ ಇಡೀ ಒಂದು ಪತ್ರವೂ ಬರಲಿಲ್ಲ. ಆ ತಿಂಗಳ ಬಗ್ಗೆ ಅವಳು ನಗೋದಿಲ್ಲ.

1988ರಲ್ಲಿ ಹವಾಲ್ದಾರನಾಗಿ ನಿವೃತ್ತಿ ತಗೊಂಡು ಅಜ್ಜ ಊರಿಗೆ ಬಂದ. ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಕನ್ನಡಿ ಮುಂದೆ ಗಡ್ಡ ಕೆರೆಯೋದು, ಹಾಸಿಗೆ ಮಡಚಿ ಗೆರೆ ಹಿಡಿದಂಗೆ ಇಡೋದು ಬಿಡಲಿಲ್ಲ. ಎತ್ತುಗಳಿಗೂ ಕವಾಯತು ಕಲಿಸಿದ್ದ. ಊರಿನ ಬೇರೆ ಎತ್ತುಗಳು ‘ಹೋ’ ಅಂದರೆ ನಿಲ್ಲುತ್ತಿದ್ದವು, ನಮ್ಮವು ಮಾತ್ರ ‘ಥಮ್’ ಅಂದರೆ! ಒಮ್ಮೆ ಅವನ್ನು ಎರವಲು ಒಯ್ದವರು ಅರ್ಧ ದಿನ ಗೋಳಾಡಿ, ಕೊನೆಗೆ ಅಜ್ಜನನ್ನೇ ಹೊಲಕ್ಕೆ ಕರೆದುಕೊಂಡು ಹೋದರಂತೆ.

ಅಜ್ಜನ ತಂಗಿಯನ್ನು ಗಂಗಾವತಿ ಕಡೆ ಕೊಟ್ಟಿದ್ದರು. ಅದು ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ನಾಡು, ಭತ್ತದ ಕಣಜ. ಅಲ್ಲಿ ‘ಕ್ಯಾಂಪ್’ ಅಂದರೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರು, ನಮ್ಮ ಮನೆಯಲ್ಲಿ ‘ಕ್ಯಾಂಪ್’ ಅಂದರೆ ಮಿಲಿಟರಿ. ಅಜ್ಜ ಇನ್ನೂ ನೌಕರಿಯಲ್ಲಿದ್ದಾಗ ‘ಅಣ್ಣ ಕ್ಯಾಂಪಿಂದ ಬಂದಾನ’ ಅಂತ ತಂಗಿ ಹೇಳಿದರೆ ಅವಳ ನೆರೆಮನೆಯವರು ಯಾವ ಕ್ಯಾಂಪು, ಎಷ್ಟು ಎಕರೆ ಅಂತ ಕೇಳುತ್ತಿದ್ದರಂತೆ. ಅಲ್ಲಿಂದ ನಮಗೆ ಸೋನಾ ಮಸೂರಿ ಚೀಲ ಬರುತ್ತಿತ್ತು, ಇಲ್ಲಿಂದ ಬಿಳಿಜೋಳ ಹೋಗುತ್ತಿತ್ತು.

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಆ ನೀರಿಲ್ಲ. ಮಳೆ ನಂಬಬೇಕು, ಇಲ್ಲವೇ ಬೋರ್ ಕೊರೆಸಬೇಕು. ಬೋರ್ ಅಂದರೆ ಲಾಟರಿ. ಸಾಲ ಮಾಡಿ ಕೊರೆಸಿ, ನೀರು ಬೀಳದಿದ್ದರೆ ಕೇಸಿಂಗ್ ಪೈಪನ್ನೂ ಕಿತ್ತು ಮಾರಿ ಹೋಗುತ್ತಾರೆ. ನೆಲದಲ್ಲಿ ತೂತು ಹಾಗೇ ಉಳಿಯುತ್ತೆ. ಮಳೆಗಾಲ ಬಂದು ಹುಲ್ಲು ಬೆಳೆದರೆ ಅದು ಕಾಣೋದೂ ಇಲ್ಲ.

ಅಜ್ಜನಿಗೆ ಅದು ಕಂಡಿತು. ‘ಇದು ಮೈನ್ ಅಲ್ದ ಮತ್ತೇನು?’ ಅಂದ. ಬೋರ್ ಕೊರೆಯೋದು ಹೆಚ್ಚಾಗುತ್ತಾ ಹೋದ ಹಾಗೆ ಅಜ್ಜನ ಕೆಲಸವೂ ಹೆಚ್ಚಾಯಿತು. ಎಲ್ಲಿ ಬೋರ್ ವಿಫಲ ಆಯಿತು ಅಂತ ಸುದ್ದಿ ಬಂದರೂ ಸೈಕಲ್ ಹತ್ತಿ ಹೋಗೋನು. ಮೊದಲು ಸುತ್ತಲೂ ನಾಲ್ಕು ಗೂಟ ಹೊಡೆದು ತನ್ನ ಹಳೇ ಧೋತರ ಹರಿದು ಬಿಳಿ ಪಟ್ಟಿ ಕಟ್ಟೋನು. ಆಮೇಲೆ ಹೊಲದವರ ಮನೆಗೆ ಹೋಗಿ ಕೂತು, ಕಲ್ಲು ಮಣ್ಣು ತುಂಬಿಸೋವರೆಗೂ ಇಲ್ಲವೇ ಕಬ್ಬಿಣದ ಮುಚ್ಚಳ ಹಾಕಿ ವೆಲ್ಡ್ ಮಾಡಿಸೋವರೆಗೂ ಬಿಡುತ್ತಿರಲಿಲ್ಲ. ದುಡ್ಡಿಲ್ಲ ಅಂದವರ ಮುಚ್ಚಳಕ್ಕೆ ತನ್ನ ಪಿಂಚಣಿ ಹಣ. ಕೆಲವರು ‘ನಮ್ಮ ಹೊಲ, ನಮ್ಮ ತೂತು, ನಿನಗೇನು?’ ಅಂತ ಜಗಳಕ್ಕೂ ಬಂದರು. ‘ತೂತು ನಿಂದ. ಬೀಳೋ ಕೂಸು ಯಾರದು?’ ಅಂತ ಕೇಳಿ ಅಲ್ಲೇ ನಿಲ್ಲೋನು.

ಅದಕ್ಕೊಂದು ನೋಟ್‌ಬುಕ್ ಇತ್ತು. ಸೈನ್ಯದಲ್ಲಿ ಮೈನ್ ಹಾಸಿದ ಜಾಗಕ್ಕೆ ನಕ್ಷೆ, ದಾಖಲೆ ಇಡುತ್ತಾರಲ್ಲ, ಅದೇ ಪದ್ಧತಿ. ಸರ್ವೆ ನಂಬರ್, ಹತ್ತಿರದ ಬೇವಿನ ಮರದಿಂದ ಎಷ್ಟು ಹೆಜ್ಜೆ, ಮುಚ್ಚಿದ ತಾರೀಕು, ಮತ್ತೆ ಹೋಗಿ ನೋಡಿದ ತಾರೀಕು. ಕೊನೆಯ ನಮೂದು 41.

ತೆರೆದ ಕೊಳವೆಬಾವಿಗೆ ಬೇಲಿ ಹಾಕಬೇಕು, ಬಾಯಿಗೆ ಮುಚ್ಚಳ ಬೆಸೆಯಬೇಕು, ಪಾಳುಬಿದ್ದದ್ದನ್ನು ತಳದಿಂದ ಮೇಲಿನವರೆಗೆ ತುಂಬಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2014ರಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ ಬಿದ್ದ, ಬದುಕಿ ಬರಲಿಲ್ಲ. ಟಿವಿಯಲ್ಲಿ ಆ ಕಾರ್ಯಾಚರಣೆ ನಡೆದಷ್ಟು ದಿನ ಅಜ್ಜ ಸರಿಯಾಗಿ ಊಟ ಮಾಡಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಸುಮಾರು ಇಪ್ಪತ್ತು ತಾಸು ಕೆಲಸ ಮಾಡಿ ಜೀವಂತ ಹೊರತೆಗೆದಾಗ ಊರಿಗೆಲ್ಲ ಪೇಡೆ ಹಂಚಿದ.

2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಹಿರೇಹಳ್ಳದ ಹೂಳು, ಜಾಲಿ ತೆಗೆಯುವ ಕೆಲಸಕ್ಕೆ ಇಳಿದಾಗ ಅಜ್ಜನಿಗೆ ಎಪ್ಪತ್ತೊಂದು. ಬೇಡ ಅಂದರೂ ಕೇಳದೆ ಹೋದ. ಸಲಿಕೆ ಹಿಡಿಯೋಕೆ ಮಂದಿ ಬಿಡಲಿಲ್ಲ. ಜೆಸಿಬಿ ಮುಂದೆ ನಿಂತು ಕೈ ಮಾಡುತ್ತಾ ದಾರಿ ತೋರಿಸಿ, ಮೈಯೆಲ್ಲ ಧೂಳಾಗಿ, ಇಪ್ಪತ್ತು ವರ್ಷ ಸಣ್ಣವನಾಗಿ ವಾಪಸ್ ಬಂದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಗಂಗಾವತಿಯಿಂದ ಒಂದೇ ಸಮನೆ ಫೋನು. ಆಗಷ್ಟೇ ನಾಟಿ ಮುಗಿದಿತ್ತು, ಡ್ಯಾಮ್ ಖಾಲಿಯಾದರೆ ಗದ್ದೆಗೆ ಏನು ಗತಿ? ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವುದನ್ನು ಅಜ್ಜ ಟಿವಿ ಮುಂದೆ ಕದಲದೆ ನೋಡಿದ. ಒಂದು ವಾರದಲ್ಲಿ ನೀರು ನಿಂತಿತು. ‘ಶಾಬಾಸ್ ತಂಬಿ’ ಅಂದ, ಟಿವಿಗೆ.

ಅಷ್ಟೊತ್ತಿಗೆ ಅಜ್ಜ ತನ್ನ ಕೊನೆಯ ಮೈನನ್ನೂ ತೆಗೆದು ಮುಗಿಸಿದ್ದ. ಅದು ಇದ್ದಿದ್ದು ಮನೆಯಲ್ಲೇ, ಟ್ರಂಕಿನ ಕಾಗದಗಳೊಳಗೆ.

ಸೈನಿಕರ ಪಿಂಚಣಿ ‘ಸ್ಪರ್ಶ್’ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಹೋದಾಗ ಅಜ್ಜ ತನ್ನ ದಾಖಲೆ ಎಲ್ಲ ಸಾಲಾಗಿ ಜೋಡಿಸಿ ನೋಡಿದ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ‘ಅಮ್ಮ’ ಅಂತ ಮುಗಿಯುತ್ತೆ, ಆಧಾರ್‌ನಲ್ಲಿ ‘ಅವ್ವ’ ಅಂತ. ಹುಟ್ಟಿದ ವರ್ಷದಲ್ಲೂ ಮೂರು ವರ್ಷದ ವ್ಯತ್ಯಾಸ. 1969ರಲ್ಲಿ ಬರೆದುಕೊಂಡವರು ಕಿವಿಗೆ ಬಿದ್ದದ್ದನ್ನು ಬರೆದಿದ್ದರು, ಆಧಾರ್ ಮಾಡಿದವರು ಅಮ್ಮ ಹೇಳಿದ್ದನ್ನು ಬರೆದಿದ್ದರು. ಗಂಡ ಬದುಕಿರುವಾಗ ಈ ಎರಡಕ್ಷರದಿಂದ ಏನೂ ಆಗೋದಿಲ್ಲ. ತೊಂದರೆ ಶುರುವಾಗೋದು ಅಂವ ತೀರಿಕೊಂಡ ಮರುದಿನ. ದಾಖಲೆಯಲ್ಲಿರುವ ಹೆಂಡತಿ ಇವಳೇ ಅಂತ ಆಗ ಇವಳೇ ಸಾಬೀತು ಮಾಡಬೇಕು. ಪಕ್ಕದ ಊರಿನ ಇನ್ನೊಬ್ಬ ಮಾಜಿ ಸೈನಿಕನ ಹೆಂಡತಿ ಇಂಥದ್ದೇ ಕಾರಣಕ್ಕೆ ಮೂರು ವರ್ಷ ಕಚೇರಿ ಅಲೆದದ್ದನ್ನು ಅಜ್ಜ ನೋಡಿದ್ದ.

ಅಮ್ಮನಿಗೆ ಇದು ತಮಾಷೆ. ‘ಐವತ್ತು ವರ್ಷ ಅವ್ವ ಆಗಿ ಬಾಳೇ ಮಾಡೀನಿ. ಅವರು ಅಮ್ಮ ಅಂತ ಬರಕೊಂಡ್ರ ನಂದೇನು ಹೋತು?’

‘ನಾ ಹೋದ ದಿನ ಇದು ಸಿಡೀತೈತಿ. ನಿನ್ನ ಕಾಲಾಗ’ ಅಂದ ಅಜ್ಜ.

ನೋಟರಿ ಮುಂದೆ ಅಫಿಡವಿಟ್, ಪತ್ರಿಕೆಯಲ್ಲಿ ಹೆಸರಿನ ಪ್ರಕಟಣೆ, ರೇಷನ್ ಕಾರ್ಡ್, ಜಂಟಿ ಫೋಟೊ, ಬ್ಯಾಂಕಿನ ಜಂಟಿ ಖಾತೆ. ರೆಕಾರ್ಡ್ಸ್ ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟ್, ಅಲ್ಲಿಂದ ಬಂದ ಪ್ರಶ್ನೆಗೆ ಮತ್ತೆ ಉತ್ತರ, ಮತ್ತೆ ಪೋಸ್ಟ್. ಫೋಟೊಕ್ಕೆ ಕೂರಿಸಿದಾಗ ಅಮ್ಮ ನಾಚಿಕೊಂಡಳು, ಮದುವೆಯಲ್ಲೂ ಇಬ್ಬರದೂ ಜೋಡಿ ಫೋಟೊ ಆಗಿರಲಿಲ್ಲ. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಆದ ದಿನ ಅಜ್ಜ ಅಮ್ಮನಿಗೆ ಇಳಕಲ್ ಸೀರೆ ತಂದುಕೊಟ್ಟ.

ಅಜ್ಜ ಹೋಗಿದ್ದು 2025ರ ಜನವರಿಯಲ್ಲಿ, ಗವಿಸಿದ್ಧೇಶ್ವರ ಜಾತ್ರೆ ಮುಗಿದ ಒಂದು ವಾರಕ್ಕೆ. ತೇರು ನೋಡಿ, ದಾಸೋಹದಲ್ಲಿ ಕೂತು ಮಿರ್ಚಿ ತಿಂದು ಬಂದಿದ್ದ. ಒಂದು ಬೆಳಿಗ್ಗೆ ನಾಲ್ಕೂವರೆಗೆ ಏಳಲಿಲ್ಲ. ಊರಿನ ಆಸುಪಾಸಿನ ಮಾಜಿ ಸೈನಿಕರು ಬಂದು ತ್ರಿವರ್ಣ ಹೊದಿಸಿದರು. ಬೋರಿನ ವಿಷಯಕ್ಕೆ ಒಂದು ಕಾಲದಲ್ಲಿ ಜಗಳಾಡಿದ್ದವರೂ ಹೆಗಲು ಕೊಟ್ಟರು.

ಮೂರನೇ ದಿನ ಅಮ್ಮ ಟ್ರಂಕಿನಿಂದ ಒಂದು ಫೈಲ್ ತೆಗೆದು ನನ್ನ ಕೈಗಿಟ್ಟಳು. ಮೇಲಿನ ಹಾಳೆಯಲ್ಲಿ ಅಜ್ಜನ ಗುಂಡು ಅಕ್ಷರದಲ್ಲಿ ಒಂದರಿಂದ ಒಂಬತ್ತರವರೆಗೆ: ಮರಣ ಪ್ರಮಾಣಪತ್ರ ಎಷ್ಟು ಪ್ರತಿ ತೆಗೆಸಬೇಕು, ಪಿಪಿಒ ಎಲ್ಲಿದೆ, ಯಾರಿಗೆ ಮೊದಲು ತಿಳಿಸಬೇಕು, ಯಾವ ಕಾಗದದ ಹಿಂದೆ ಯಾವುದು ಲಗತ್ತಿಸಬೇಕು, ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಮರೆಯಬಾರದು. ಒಂಬತ್ತರ ಕೆಳಗೆ ಗೆರೆ ಎಳೆದು ಒಂದು ಸಾಲು: ‘ಎಲ್ಲಾ ತಪಾಸ್ ಮಾಡೀನಿ. ದಾರಿ ಪೂರ್ತಿ ಐತಿ.’

ಕುಟುಂಬ ಪಿಂಚಣಿ ಮೂರನೇ ತಿಂಗಳಿಗೇ ಶುರುವಾಯಿತು. ಅಮ್ಮ ಒಂದೇ ಒಂದು ಸಲ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು, ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಅಜ್ಜ, ಇಂಥ ಅಜ್ಜಿ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಅವರ ಟ್ರಂಕಿನ ಮುಂದೆ ಕೂತುಕೊಳ್ಳಿ. ಪಿಪಿಒ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಹುಟ್ಟಿದ ತಾರೀಕು ಕೂಡುತ್ತಾ ನೋಡಿ. ಸೈನ್ಯದವರೇ ಆಗಬೇಕಿಲ್ಲ, ಯಾವ ಪಿಂಚಣಿಗಾದರೂ ಇದು ಬೇಕು. ಫೋನಿನಲ್ಲಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಸರಿಮಾಡಿಸೋದು ಇಬ್ಬರೂ ಇರುವಾಗ ಸುಲಭ.

ಅಮ್ಮ ಮೊದಲ ತಿಂಗಳ ಪಿಂಚಣಿಯಿಂದ ಒಂದಿಷ್ಟು ಎಣಿಸಿ ಬೇರೆ ತೆಗೆದಿಟ್ಟಳು. ಯಾಕೆ ಅಂತ ಕೇಳಿದೆ. ಊರ ಹೊರಗಿನ ಕುಷ್ಟಗಿ ರಸ್ತೆ ಬದಿಯ ಹೊಲದಲ್ಲಿ ಹಿಂದಿನ ವಾರ ಕೊರೆಸಿದ ಬೋರಿಗೆ ನೀರು ಬಿದ್ದಿಲ್ಲವಂತೆ. ವೆಲ್ಡಿಂಗ್ ಅಂಗಡಿ ಹುಡುಗನಿಗೆ ಅವಳೇ ಹೇಳಿ ಕಳಿಸಿದ್ದಳು. ಅಂವ ಮುಚ್ಚಳ ಬೆಸೆಯುವಾಗ ನಾನು ಬೇವಿನ ಮರದಿಂದ ಹೆಜ್ಜೆ ಎಣಿಸಿದೆ. ಮೂವತ್ತಾರು. ನೋಟ್‌ಬುಕ್ಕಿನಲ್ಲಿ 42 ಅಂತ ಬರೆದು, ಸರ್ವೆ ನಂಬರ್ ಹಾಕಿ, ತಾರೀಕು ಬರೆದೆ. ಮತ್ತೆ ಹೋಗಿ ನೋಡೋ ತಾರೀಕಿನ ಜಾಗ ಖಾಲಿ ಬಿಟ್ಟಿದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ತುಂಬಬೇಕು.